ಮರದ ನೆಲ ಹಾಸುವ ಮುನ್ನ ನೆಲದ ತೇವ ನೋಡಲಿ

ಮಾನ್ಯ ಸಂಪಾದಕರೇ,

ಗೌರಿ ಹಬ್ಬದಿಂದ ದೀಪಾವಳಿಯವರೆಗೆ ಮೈಸೂರಿನಲ್ಲೂ ಮಂಡ್ಯದಲ್ಲೂ ಮನೆಗೆ ಸುಣ್ಣಬಣ್ಣ ಮಾಡಿಸುವ, ಹಳೆಯ ನೆಲ ಬದಲಿಸುವ ಕೆಲಸಗಳು ಒಟ್ಟೊಟ್ಟಿಗೆ ಬರುತ್ತವೆ. ಒಂದೇ ದಿನದಲ್ಲಿ ಮರದ ನೆಲ ಹಾಸಿಕೊಡುತ್ತೇವೆ ಎಂಬ ಫಲಕಗಳು ಅಂಗಡಿಗಳ ಮುಂದೆ ಕಾಣಿಸಿಕೊಳ್ಳುವುದೂ ಇದೇ ದಿನಗಳಲ್ಲಿ. ಹಾಗೆ ಮಾರಾಟವಾಗುವ ಮರದ ನೆಲದಲ್ಲಿ ಬಹಳಷ್ಟು ನಿಜವಾದ ಮರವಲ್ಲ, ಲ್ಯಾಮಿನೇಟ್ ಫ್ಲೋರಿಂಗ್, ಅಂದರೆ ಒತ್ತಿದ ಮರದ ನಾರಿನ ಮೇಲೆ ಮರದ ಚಿತ್ರ ಕೂರಿಸಿದ ಹಲಗೆಗಳ ಹಾಸು. ಅದನ್ನು ನಮ್ಮ ಮನೆಯ ಒಂದು ಕೋಣೆಗೆ ಮೊದಲ ಸಲ ತಪ್ಪಾಗಿಯೂ ಎರಡನೆಯ ಸಲ ಸರಿಯಾಗಿಯೂ ಹಾಸಿಸಿದ ಅನುಭವದ ಮೇಲೆ ಈ ಪತ್ರ ಬರೆಯುತ್ತಿದ್ದೇನೆ. ಮಾರುವವರು ಬಣ್ಣದ ಮಾದರಿ ತೋರಿಸುವುದಕ್ಕೆ ಮೊದಲು ಮನೆಗೆ ಬಂದು ನೆಲದ ತೇವ ನೋಡಬೇಕು, ಕೊಡುತ್ತಿರುವುದು ಏನು ಎಂಬುದನ್ನು ರಸೀದಿಯಲ್ಲಿ ಬರೆಯಬೇಕು ಎಂಬುದು ನನ್ನ ಒತ್ತಾಯ.

ನಮ್ಮ ಮನೆ ಸರಸ್ವತಿಪುರಂನಲ್ಲಿ ಸುಮಾರು 40 ವರ್ಷಗಳ ಹಿಂದೆ ಕಟ್ಟಿದ್ದು. ನಡುಮನೆಗೆ ರೆಡ್ ಆಕ್ಸೈಡ್, ಅಡುಗೆಮನೆಗೆ ಕಡಪ ಕಲ್ಲು, ಮಲಗುವ ಕೋಣೆಗಳಿಗೆ ಮೊಸಾಯಿಕ್. ಧನುರ್ಮಾಸದಲ್ಲಿ ಬೆಳಗಿನ ಜಾವಕ್ಕೇ ಏಳುವ ನಮ್ಮ ಅತ್ತೆಯವರಿಗೆ ಆ ಮೊಸಾಯಿಕ್ ಮೇಲೆ ಕಾಲಿಟ್ಟ ಕೂಡಲೇ ಮೀನಖಂಡ ಹಿಡಿದುಕೊಳ್ಳುತ್ತಿತ್ತು. ಕಲ್ಲು, ಸಿಮೆಂಟು, ಟೈಲ್ಸ್ ಅಂಗಾಲಿನ ಶಾಖವನ್ನು ಬೇಗ ಎಳೆದುಕೊಳ್ಳುತ್ತವೆ. ಮರದ ನಾರಿನಿಂದ ಮಾಡಿದ ಹಲಗೆ ಅಷ್ಟು ಬೇಗ ಎಳೆದುಕೊಳ್ಳುವುದಿಲ್ಲ. ಆದ್ದರಿಂದ ಅವರ ಕೋಣೆಯೊಂದಕ್ಕೆ ಲ್ಯಾಮಿನೇಟ್ ಹಾಸಿಸೋಣವೆಂದು ಮನೆಯವರೆಲ್ಲ ಸೇರಿ ತೀರ್ಮಾನಿಸಿದೆವು. ತೀರ್ಮಾನ ತಪ್ಪಾಗಿರಲಿಲ್ಲ ಎಂದು ಇಂದಿಗೂ ನಂಬಿದ್ದೇನೆ. ತಪ್ಪಾದದ್ದು ಆಮೇಲೆ.

ಅಂಗಡಿಯಲ್ಲಿ ಅರ್ಧ ದಿನ ಕುಳಿತು ತೇಗದ ಬಣ್ಣವೋ ಓಕ್ ಮರದ ಬಣ್ಣವೋ ಎಂದು ಚರ್ಚಿಸಿದೆವು. ಕೋಣೆ ನೆಲ ಅಂತಸ್ತಿನಲ್ಲಿದೆಯೇ, ಹೊರಗೋಡೆಯ ಆಚೆ ಏನಿದೆ, ನೆಲ ಯಾವುದು, ಮನೆಯಲ್ಲಿ ನೆಲವನ್ನು ಹೇಗೆ ಒರೆಸುತ್ತೀರಿ ಎಂದು ಅಂಗಡಿಯವರು ಒಮ್ಮೆಯೂ ಕೇಳಲಿಲ್ಲ. ಕೇಳಬೇಕೆಂದು ನಮಗೂ ಗೊತ್ತಿರಲಿಲ್ಲ. ನೀರು ಬಿದ್ದರೆ ಏನಾಗುತ್ತದೆ ಎಂದು ನಾನು ಕೇಳಿದ್ದಕ್ಕೆ ‘ವಾಟರ್‌ಪ್ರೂಫ್ ಮೇಡಂ, ಏನೂ ಆಗಲ್ಲ’ ಎಂಬ ಉತ್ತರ ಬಂತು. ಜೂನ್ ತಿಂಗಳ ಒಂದು ಮಧ್ಯಾಹ್ನ ವ್ಯಾನಿನಲ್ಲಿ ಹಲಗೆಗಳು ಬಂದವು. ಇಳಿಸಿದ ಅರ್ಧ ಗಂಟೆಯಲ್ಲಿ ಪೆಟ್ಟಿಗೆ ಒಡೆದು, ಮೊಸಾಯಿಕ್ ಮೇಲೆ ತೆಳುವಾದ ಫೋಮ್ ಹಾಸಿ, ಅದರ ಮೇಲೆ ಹಲಗೆ ಜೋಡಿಸಿ, ಗೋಡೆಗೆ ಒತ್ತಿ ಬಿಗಿದು, ಸಂಜೆ ದೀಪ ಹಚ್ಚುವ ಹೊತ್ತಿಗೆ ಕೆಲಸ ಮುಗಿಸಿ ಹೊರಟರು. ಕೋಣೆ ಬಹಳ ಚೆನ್ನಾಗಿ ಕಂಡಿತು. ಅತ್ತೆಯವರು ಬರಿಗಾಲಿನಲ್ಲಿ ನಾಲ್ಕು ಸಲ ಓಡಾಡಿ ಸಂತೋಷಪಟ್ಟರು.

ಅಕ್ಟೋಬರ್ ಮಳೆ ಹಿಡಿದ ಎರಡನೆಯ ವಾರದಲ್ಲಿ ಕಿಟಕಿಯ ಬದಿಯ ಹಲಗೆಗಳ ಸಂದುಗಳು ಸಣ್ಣ ಬದುಗಳಂತೆ ಉಬ್ಬಿದವು. ಇನ್ನೊಂದು ವಾರಕ್ಕೆ ಕೋಣೆಯ ನಡುಭಾಗ ಮೇಲಕ್ಕೆದ್ದು, ಕಾಲಿಟ್ಟರೆ ಒಳಗೆ ಪೊಳ್ಳಾದ ಸದ್ದು ಬರತೊಡಗಿತು. ಆ ಉಬ್ಬಿಗೆ ಕಾಲು ತಾಗಿ ಅತ್ತೆಯವರು ಮುಗ್ಗರಿಸಿದರು. ಮಂಚದ ಅಂಚು ಕೈಗೆ ಸಿಕ್ಕಿದ್ದರಿಂದ ಬೀಳಲಿಲ್ಲ. ಅವರ ಸುಖಕ್ಕೆಂದು ಹಾಸಿಸಿದ ನೆಲ ಅವರಿಗೇ ಅಪಾಯವಾಯಿತಲ್ಲ ಎಂಬ ಸಂಕಟ ನನ್ನನ್ನು ಇನ್ನೂ ಬಿಟ್ಟಿಲ್ಲ. ಒಂದು ಸಾಲು ಎತ್ತಿಸಿ ನೋಡಿದಾಗ ಫೋಮಿನ ಅಡಿಯಲ್ಲಿ ಮೊಸಾಯಿಕ್ ಒದ್ದೆಯಾಗಿತ್ತು. ಹಲಗೆಗಳ ಬೆನ್ನಿಗೆ ಕಪ್ಪು ಬೂಷ್ಟು ಹಿಡಿದಿತ್ತು. ಅಂಗಡಿಯವರು ಬಂದು ನೋಡಿ, ನೀವು ನೀರು ಹಾಕಿ ಒರೆಸಿದ್ದೀರಿ, ನೀರಿನಿಂದಾದ ಹಾನಿಗೆ ವಾರಂಟಿ ಇಲ್ಲ ಎಂದರು. ಆಗ ತೋರಿಸಿದ ವಾರಂಟಿ ಪತ್ರದಲ್ಲಿ ಹಾಗೆಂದು ಸ್ಪಷ್ಟವಾಗಿಯೇ ಅಚ್ಚಾಗಿತ್ತು. ಹಣ ಕೊಡುವ ದಿನ ಆ ಪತ್ರವನ್ನು ಯಾರೂ ನಮ್ಮ ಕೈಗೆ ಕೊಟ್ಟಿರಲಿಲ್ಲ.

ಈ ಹಲಗೆ ಯಾವುದರಿಂದ ಆಗಿದೆ ಎಂದು ತಿಳಿದಿದ್ದರೆ ನಾವು ಅಂದೇ ಎಚ್ಚರ ವಹಿಸುತ್ತಿದ್ದೆವು. ಇದು ಸ್ವೀಡನ್ನಿನಲ್ಲಿ 1977ರಲ್ಲಿ ರೂಪುಗೊಂಡ ಸಾಮಗ್ರಿ. ಮೊದಲು ಹಲಗೆಗಳನ್ನು ಅಂಟು ಹಾಕಿ ಕೂಡಿಸುತ್ತಿದ್ದರು. ಅಂಟಿಲ್ಲದೆ ಒಂದರ ಅಂಚು ಇನ್ನೊಂದರ ಅಂಚಿನಲ್ಲಿ ಕೊರೆದ ಸೀಳಿಗೆ ಕಚ್ಚಿಕೊಳ್ಳುವ ಕ್ಲಿಕ್ ವಿಧಾನ ಬಂದದ್ದು 1990ರ ದಶಕದ ನಡುಭಾಗದಲ್ಲಿ. ಹಲಗೆಯಲ್ಲಿ ನಾಲ್ಕು ಪದರಗಳಿರುತ್ತವೆ. ತೀರ ಮೇಲೆ ಮೆಲಮೈನ್ ರಾಳದಲ್ಲಿ ಅಲ್ಯೂಮಿನಿಯಂ ಆಕ್ಸೈಡಿನ ಕಣಗಳು ಬೆರೆತ, ಸವೆತ ತಡೆಯುವ ಪಾರದರ್ಶಕ ಪದರ. ಅದರ ಕೆಳಗೆ ಮರದ ಚಿತ್ರ ಅಚ್ಚಾದ ಕಾಗದ. ಅದರ ಕೆಳಗೆ ಎಚ್‌ಡಿಎಫ್, ಅಂದರೆ ಮರದ ನಾರನ್ನು ರಾಳದೊಂದಿಗೆ ಬೆರೆಸಿ ಒತ್ತಿದ ಗಟ್ಟಿ ಹಲಗೆ. ಕೊನೆಯಲ್ಲಿ ಹಲಗೆ ಬಾಗದಂತೆ ಹಿಡಿಯುವ ತಳದ ಪದರ. ನಮ್ಮ ಕಣ್ಣಿಗೆ ಬೀಳುವ ತೇಗ ಒಂದು ಚಿತ್ರ ಮಾತ್ರ. ಮೇಲಿನ ಪದರದೊಳಗೆ ನೀರು ಇಳಿಯುವುದಿಲ್ಲ ಎಂಬುದು ನಿಜ. ಆದರೆ ಸಂದಿನಿಂದಲೋ ಅಡಿಯಿಂದಲೋ ಒಳಗಿನ ನಾರಿಗೆ ನೀರು ಸೇರಿದರೆ ಅದು ಊದಿಕೊಳ್ಳುತ್ತದೆ, ಒಮ್ಮೆ ಊದಿದ ಅಂಚು ಒಣಗಿದ ಮೇಲೂ ಮೊದಲಿನಂತಾಗುವುದಿಲ್ಲ. ಹೊಸ ಮಾದರಿಗಳಲ್ಲಿ ಕೆಲವಕ್ಕೆ ಅಂಚಿಗೆ ಮೇಣ ಹಚ್ಚಿ ಚೆಲ್ಲಿದ ನೀರನ್ನು ಕೆಲವು ಗಂಟೆಗಳ ಕಾಲ ತಡೆಯುವಂತೆ ಮಾಡಿರುತ್ತಾರೆ. ಅದು ಒಳ್ಳೆಯ ಗುಣವೇ, ಆದರೆ ಅದೂ ಮೇಲಿನ ನೀರಿಗೆ, ಅಷ್ಟು ಹೊತ್ತಿಗೆ ಮಾತ್ರ. ನೆಲದಡಿಯಿಂದ ತಿಂಗಳುಗಟ್ಟಲೆ ಏರುವ ತೇವಕ್ಕೆ ಅದು ಉತ್ತರವಲ್ಲ.

ನಮ್ಮ ಕಡೆಯ ಮನೆಗಳಲ್ಲಿ ಈ ತೇವದ ಪ್ರಶ್ನೆ ಬಹಳ ದೊಡ್ಡದು. ಕಲ್ಲಿನ ಅಡಿಪಾಯದ ಹಳೆಯ ಮನೆಗಳ ನೆಲದಡಿಯಲ್ಲಿ ತೇವ ತಡೆಯುವ ಹಾಳೆಯನ್ನು ಹಾಕುವ ರೂಢಿ ಇರಲಿಲ್ಲ. ಮಣ್ಣಿನ ತೇವ ಕಾಂಕ್ರೀಟಿನ ಸೂಕ್ಷ್ಮ ರಂಧ್ರಗಳ ಮೂಲಕ ಮೇಲೇರುತ್ತದೆ. ಮೊಸಾಯಿಕ್ ಅಥವಾ ರೆಡ್ ಆಕ್ಸೈಡ್ ಇದ್ದಾಗ ಅದು ಗಾಳಿಗೆ ಆರಿಹೋಗುವುದರಿಂದ ನಮಗೆ ತಿಳಿಯುವುದೇ ಇಲ್ಲ. ಮೇಲೆ ಹಲಗೆ ಮುಚ್ಚಿದ ದಿನದಿಂದ ಅದಕ್ಕೆ ಹೋಗಲು ದಾರಿಯಿಲ್ಲ. ಇದರ ಜೊತೆಗೆ ನಮ್ಮ ರೂಢಿಯೂ ಇದೆ. ದಿನವೂ ಬಕೆಟ್ಟಿನಲ್ಲಿ ಬಟ್ಟೆ ಅದ್ದಿ ನೆಲ ಒರೆಸುತ್ತೇವೆ, ಹಬ್ಬದ ಹಿಂದಿನ ದಿನ ನೀರು ಹುಯ್ದು ತೊಳೆಯುತ್ತೇವೆ, ಹೊಸ್ತಿಲಿಗೆ ನೀರು ಹಾಕಿ ರಂಗೋಲಿ ಇಡುತ್ತೇವೆ. ಇವು ಬಿಡಬೇಕಾದ ರೂಢಿಗಳೆಂದು ನಾನು ಹೇಳುವುದಿಲ್ಲ. ಆ ರೂಢಿ ಬಿಡಲಾಗದ ಕಡೆ ಲ್ಯಾಮಿನೇಟ್ ಬೇಡ ಎನ್ನುತ್ತೇನೆ: ಅಡುಗೆಮನೆ, ದೇವರ ಮನೆ, ಊಟದ ಜಾಗ, ಹೊರಬಾಗಿಲಿನ ಪಕ್ಕ, ಇವು ಕಲ್ಲು ಅಥವಾ ಟೈಲ್ಸಿನಲ್ಲೇ ಇರಲಿ.

ನೆಲದ ತೇವ ತಿಳಿಯಲು ದೊಡ್ಡ ಉಪಕರಣವೇನೂ ಬೇಕಿಲ್ಲ ಎಂದು ನಮಗೆ ತೋರಿಸಿಕೊಟ್ಟವರು ಎರಡನೆಯ ಸಲ ಕೆಲಸ ಮಾಡಿದ ಬಡಗಿ. ಹಾಳಾದ ಹಲಗೆಗಳನ್ನೆಲ್ಲ ಕಿತ್ತ ಮೇಲೆ, ಒಂದೂವರೆ ಅಡಿ ಉದ್ದಗಲದ ದಪ್ಪ ಪಾರದರ್ಶಕ ಪಾಲಿಥೀನ್ ತುಂಡನ್ನು ಮೊಸಾಯಿಕ್ ಮೇಲಿಟ್ಟು, ನಾಲ್ಕೂ ಅಂಚಿಗೆ ಟೇಪು ಅಂಟಿಸಿ, ಎರಡು ದಿನ ಮುಟ್ಟಬೇಡಿ ಎಂದು ಹೇಳಿ ಹೋದರು. ಕಿಟಕಿಯ ಹತ್ತಿರ ಒಂದು, ಕೋಣೆಯ ನಡುವೆ ಒಂದು, ಬಾಗಿಲ ಬಳಿ ಒಂದು. ಎರಡು ದಿನ ಕಳೆದು ನೋಡಿದರೆ ನಡುವಿನ ಮತ್ತು ಬಾಗಿಲ ಬಳಿಯ ಹಾಳೆಗಳು ಒಣಗಿದ್ದವು, ಕಿಟಕಿಯ ಹತ್ತಿರದ ಹಾಳೆಯ ಒಳಮೈಯಲ್ಲಿ ಮಂಜಿನ ಹನಿಗಳಂತೆ ನೀರು ನಿಂತಿತ್ತು, ಅದರಡಿಯ ಮೊಸಾಯಿಕ್ ಬಣ್ಣ ಗಾಢವಾಗಿತ್ತು. ಗೋಡೆಯ ಆಚೆ ಬದಿಗೆ ಹೋಗಿ ನೋಡಿದಾಗ ಕಾರಣ ಅಲ್ಲೇ ಇತ್ತು. ಗೋಡೆಗೆ ತಾಗಿಸಿಟ್ಟ ಹೂವಿನ ಕುಂಡಗಳಿಗೆ ನಾನೇ ದಿನವೂ ನೀರು ಹಾಕುತ್ತಿದ್ದೆ. ಗೋಡೆಯ ಬುಡದ ಗಾರೆ ಬಿರುಕು ಬಿಟ್ಟಿತ್ತು. ಮಳೆಯ ನೀರು ಹೊರಕ್ಕೆ ಹರಿಯದೆ ಅಲ್ಲೇ ಇಂಗುತ್ತಿತ್ತು. ಕುಂಡಗಳನ್ನು ಬೇರೆಡೆಗೆ ಸಾಗಿಸಿ, ಬಿರುಕು ಮುಚ್ಚಿಸಿ, ನೆಲಕ್ಕೆ ಹೊರಮುಖವಾಗಿ ಇಳಿಜಾರು ಮಾಡಿಸಿ, ಫೆಬ್ರವರಿಯವರೆಗೆ ಕೋಣೆಯನ್ನು ಹಾಗೆಯೇ ಬಿಟ್ಟೆವು. ಮತ್ತೆ ಹಾಳೆ ಅಂಟಿಸಿ ನೋಡಿದಾಗ ಮೂರೂ ಒಣಗಿದ್ದವು. ಅದಾದ ಮೇಲೆಯೇ ಅವರು ಹಲಗೆ ತರಲು ಒಪ್ಪಿದರು.

ಇದೇ ಪರೀಕ್ಷೆಯನ್ನು ಮಂಡ್ಯದ ಹತ್ತಿರ, ವಿಶ್ವೇಶ್ವರಯ್ಯ ನಾಲೆಯ ನೀರು ಹರಿಯುವ ಗದ್ದೆಗಳ ಪಕ್ಕದಲ್ಲಿರುವ ನನ್ನ ತಂಗಿಯ ಮನೆಯಲ್ಲೂ ಮಾಡಿದೆವು. ನಾಲೆಗೆ ನೀರು ಬಿಟ್ಟು ಭತ್ತದ ನಾಟಿ ನಡೆಯುವ ದಿನಗಳಲ್ಲಿ ಅವರ ಮನೆಯ ನೆಲ ಥಂಡಿ ಹೊಡೆಯುವುದು ಅವಳಿಗೆ ಗೊತ್ತಿದ್ದ ಸಂಗತಿಯೇ. ನಾವು ಹಾಳೆ ಅಂಟಿಸಿದ್ದು ಅಂಥ ದಿನಗಳಲ್ಲೇ. ಒಂದೇ ರಾತ್ರಿಗೆ ಎಲ್ಲ ಹಾಳೆಗಳಲ್ಲೂ ಹನಿ ಕಟ್ಟಿತು. ‘ಬೇಡ ಬಿಡಕ್ಕ, ಇರೋ ನೆಲಾನೇ ಚೆನ್ನಾಗಿದೆ’ ಎಂದು ಅವಳು ತನ್ನ ರೆಡ್ ಆಕ್ಸೈಡ್ ನೆಲವನ್ನು ಉಳಿಸಿಕೊಂಡಳು. ಬೇಸಿಗೆಯಲ್ಲಿ ನಾಲೆ ಒಣಗಿದ್ದಾಗ ಇದೇ ಪರೀಕ್ಷೆ ಮಾಡಿದ್ದರೆ ಬೇರೆ ಉತ್ತರ ಬರುವ ಸಾಧ್ಯತೆ ಇತ್ತು. ಆದ್ದರಿಂದ ನೀರಾವರಿ ಪ್ರದೇಶದ ಮನೆಗಳವರು ನಾಲೆಯಲ್ಲಿ ನೀರಿರುವ ಕಾಲದಲ್ಲೇ ಪರೀಕ್ಷಿಸಿ ನೋಡಬೇಕೆಂದು ಕೇಳಿಕೊಳ್ಳುತ್ತೇನೆ. ದಶಕಗಳಿಂದ ಕಾಲಿನ ಓಡಾಟಕ್ಕೇ ಹೊಳಪು ಬಂದಿರುವ ರೆಡ್ ಆಕ್ಸೈಡ್ ನೆಲವನ್ನು ಮುಚ್ಚುವುದು ನನಗೆ ವೈಯಕ್ತಿಕವಾಗಿ ಇಷ್ಟವಿಲ್ಲ. ಮುಚ್ಚಲೇಬೇಕಾದರೆ ಅದರೊಳಕ್ಕೆ ತಿರುಪು ಇಳಿಸಬೇಡಿ ಎಂದಾದರೂ ಕೆಲಸದವರಿಗೆ ಹೇಳಿರಿ. ಲ್ಯಾಮಿನೇಟ್ ನೆಲಕ್ಕೆ ಅಂಟದೆ, ಮೊಳೆಯಿಲ್ಲದೆ ತೇಲುವಂತೆ ಕೂರುವ ಹಾಸು. ಮುಂದೊಂದು ದಿನ ತೆಗೆದರೆ ಹಳೆಯ ನೆಲ ಹಾಗೆಯೇ ಸಿಗಬೇಕು.

ಎರಡನೆಯ ಸಲದ ಕೆಲಸ ಹೇಗೆ ನಡೆಯಿತು ಎಂಬುದನ್ನು ಸ್ವಲ್ಪ ವಿವರವಾಗಿ ಹೇಳುತ್ತೇನೆ, ಏಕೆಂದರೆ ಮೊದಲ ಸಲ ಏನೇನು ಬಿಟ್ಟುಹೋಗಿತ್ತು ಎಂಬುದು ನಮಗೆ ತಿಳಿದದ್ದು ಅದನ್ನು ನೋಡಿದಾಗಲೇ. ಹಲಗೆಯ ಪೆಟ್ಟಿಗೆಗಳು ಬಂದು, ಬಿಚ್ಚದೆ, ಅದೇ ಕೋಣೆಯಲ್ಲಿ 48 ಗಂಟೆ ಮಲಗಿದ್ದವು. ಗೋದಾಮಿನ ಹವೆಯಿಂದ ಕೋಣೆಯ ಹವೆಗೆ ಅವು ಒಗ್ಗಬೇಕಂತೆ. 2 ಮೀಟರ್ ಉದ್ದದ ಮಟ್ಟಗೋಲನ್ನು ನೆಲದ ಮೇಲೆ ಎಲ್ಲ ದಿಕ್ಕಿಗೂ ಇಟ್ಟು, ಅದರಡಿಯಲ್ಲಿ 3 ಮಿಲಿಮೀಟರಿಗಿಂತ ಹೆಚ್ಚು ಸಂದು ಕಂಡ ಕಡೆ ಮಟ್ಟ ಮಾಡಿ ಒಣಗಿಸಿದರು. ನೆಲ ಏರುಪೇರಾಗಿದ್ದರೆ ಪ್ರತಿ ಹೆಜ್ಜೆಗೂ ಹಲಗೆ ಬಗ್ಗಿ, ಕೆಲವೇ ತಿಂಗಳಲ್ಲಿ ಕ್ಲಿಕ್ ಅಂಚು ಮುರಿಯುತ್ತದೆ. ಬಳಿಕ ಪಾಲಿಥೀನ್ ಹಾಳೆ. ಒಂದು ಹಾಳೆಯ ಮೇಲೆ ಇನ್ನೊಂದು 20 ಸೆಂಟಿಮೀಟರ್ ಏರುವಂತೆ ಹಾಸಿ, ಸೇರುವೆಗೆ ಟೇಪು ಅಂಟಿಸಿ, ಗೋಡೆಯ ಬುಡದಲ್ಲಿ ಸ್ವಲ್ಪ ಮೇಲಕ್ಕೆ ಮಡಚಿದರು. ಅದರ ಮೇಲೆ 2 ಮಿಲಿಮೀಟರ್ ಫೋಮ್. ಮೊದಲ ಸಲ ಫೋಮ್ ಇತ್ತು, ಪಾಲಿಥೀನ್ ಇರಲಿಲ್ಲ. ಫೋಮ್ ಕಾಲಿಗೆ ಮೆತ್ತಗಾಗಲು, ಸದ್ದು ಕಡಿಮೆಯಾಗಲು ಬೇಕಾದದ್ದೇ ಹೊರತು ಸಾದಾ ಫೋಮ್ ತೇವವನ್ನು ತಡೆಯುವುದಿಲ್ಲ.

ಗೋಡೆಗಳ ಸುತ್ತ 10 ಮಿಲಿಮೀಟರ್ ಜಾಗ ಬಿಟ್ಟದ್ದು ನನಗೆ ಅತ್ಯಂತ ಮುಖ್ಯವಾಗಿ ಕಂಡಿತು. ಮರದ ನಾರು ಮಳೆಗಾಲದಲ್ಲಿ ಹಿಗ್ಗುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಿಗ್ಗಲು ಅಂಚಿನಲ್ಲಿ ಜಾಗವಿಲ್ಲದಿದ್ದರೆ ನಡುವೆ ಮೇಲಕ್ಕೆ ಏಳುವುದೊಂದೇ ಅದಕ್ಕಿರುವ ದಾರಿ. ನಮ್ಮಲ್ಲಿ ಕೋಣೆಯ ನಡುಭಾಗ ಎದ್ದದ್ದು ಇದರಿಂದಲೇ. ಬಿಟ್ಟ ಜಾಗವನ್ನು ಸ್ಕರ್ಟಿಂಗ್, ಅಂದರೆ ಗೋಡೆಯ ಬುಡದ ಪಟ್ಟಿ, ಮುಚ್ಚುತ್ತದೆ, ಆದರೆ ಸ್ಕರ್ಟಿಂಗಿನ ಮೊಳೆ ಗೋಡೆಗೆ ಹೋಗಬೇಕು, ಹಲಗೆಗೆ ಹೋಗಬಾರದು. ಎರಡು ಪಕ್ಕದ ಸಾಲುಗಳಲ್ಲಿ ಹಲಗೆಯ ತುದಿಗಳು ಒಂದೇ ಗೆರೆಗೆ ಬಾರದಂತೆ, ಕನಿಷ್ಠ 30 ಸೆಂಟಿಮೀಟರ್ ಅಂತರವಿರುವಂತೆ ಜೋಡಿಸಿದರು. ಕಿಟಕಿಯಿಂದ ಬರುವ ಬೆಳಕಿನ ದಿಕ್ಕಿಗೇ ಹಲಗೆಯ ಉದ್ದವನ್ನು ಇಟ್ಟಿದ್ದರಿಂದ ಸಂದುಗಳ ನೆರಳು ಕಾಣುವುದಿಲ್ಲ. ಹಾಸು ಮತ್ತು ಫೋಮ್ ಸೇರಿ ನೆಲ ಸುಮಾರು 1 ಸೆಂಟಿಮೀಟರ್ ಏರುವುದರಿಂದ ಬಾಗಿಲ ಹಲಗೆಯ ಕೆಳ ಅಂಚನ್ನು ಮೊದಲೇ ಕೊಯ್ದು ಹತ್ತರಿ ಹೊಡೆದರು. ಹೊಸ್ತಿಲನ್ನು ಮುಟ್ಟಲಿಲ್ಲ, ಅದಕ್ಕಿಂತ ಒಂದು ಗೇಣು ಈಚೆಗೇ ಹಾಸನ್ನು ನಿಲ್ಲಿಸಿ ಲೋಹದ ಪಟ್ಟಿ ಕೊಟ್ಟರು. ಈ ಕೆಲಸಕ್ಕೆ ಎರಡು ಪೂರ್ತಿ ದಿನ ಹಿಡಿಯಿತು.

ಹಲಗೆ ಆರಿಸುವ ವಿಷಯದಲ್ಲಿ ದಪ್ಪವೊಂದನ್ನೇ ನೋಡುವುದು ಸಾಲದು. 8 ಮಿಲಿಮೀಟರ್, 12 ಮಿಲಿಮೀಟರ್ ಎರಡೂ ಸಿಗುತ್ತವೆ. ದಪ್ಪ ಹೆಚ್ಚಿದ್ದರೆ ಕಾಲಿಗೆ ಗಟ್ಟಿಯೆನಿಸುತ್ತದೆ, ಆದರೆ ಮೇಲ್ಪದರ ಎಷ್ಟು ಸವೆತ ತಡೆಯುತ್ತದೆ ಎಂಬುದಕ್ಕೂ ದಪ್ಪಕ್ಕೂ ಸಂಬಂಧವಿಲ್ಲ. ಅದನ್ನು ತಿಳಿಸುವುದು ಪೆಟ್ಟಿಗೆಯ ಮೇಲೆ ಎ.ಸಿ. ಎಂದು ಅಚ್ಚಾಗಿರುವ ದರ್ಜೆ. ಯುರೋಪಿನ ಇಎನ್ 13329 ಮಾನದಂಡದ ಪ್ರಕಾರ ಎ.ಸಿ. 1, ಎ.ಸಿ. 2 ಕಡಿಮೆ ಓಡಾಟಕ್ಕೆ, ಎ.ಸಿ. 3 ಮನೆಯೊಳಗಿನ ಹೆಚ್ಚಿನ ಓಡಾಟಕ್ಕೆ, ಎ.ಸಿ. 4 ಮತ್ತು 5 ಅಂಗಡಿ, ಕಚೇರಿಗಳಂಥ ಕಡೆಗೆ. ಮನೆಗೆ ಎ.ಸಿ. 3 ಸಾಕು, ಮಕ್ಕಳೂ ಚಕ್ರದ ಕುರ್ಚಿಗಳೂ ಇದ್ದರೆ ಎ.ಸಿ. 4 ಲೇಸು. ನಾರನ್ನು ಹಿಡಿದಿಡುವ ರಾಳದಿಂದ ಫಾರ್ಮಾಲ್ಡಿಹೈಡ್ ಎಂಬ ಅನಿಲ ನಿಧಾನವಾಗಿ ಹೊರಬರುತ್ತದೆ; ಅದು ಮಿತಿಯಲ್ಲಿದೆ ಎನ್ನುವುದಕ್ಕೆ ಇ-1 ಎಂಬ ಗುರುತು ಇರಬೇಕು. ವಯಸ್ಸಾದವರು, ಉಬ್ಬಸ ಇರುವವರು, ಕೂಸುಗಳು ಮಲಗುವ ಕೋಣೆಗೆ ಈ ಗುರುತಿಲ್ಲದ ಹಲಗೆಯನ್ನು ಬೆಲೆ ಎಷ್ಟೇ ಕಡಿಮೆಯಿದ್ದರೂ ತರಬಾರದು.

ಲೆಕ್ಕದ ಒಂದು ಮಾತು. ನಮ್ಮ ಕೋಣೆ 12 ಅಡಿಗೆ 14 ಅಡಿ, ಅಂದರೆ 168 ಚದರಡಿ. ನಾವು ಆರಿಸಿದ ಹಲಗೆ 1215 ಮಿಲಿಮೀಟರ್ ಉದ್ದ, 195 ಮಿಲಿಮೀಟರ್ ಅಗಲ. ಪೆಟ್ಟಿಗೆಗೆ ಎಂಟು ಹಲಗೆಗಳಂತೆ ಒಂದು ಪೆಟ್ಟಿಗೆ ಸುಮಾರು 20.4 ಚದರಡಿಗೆ ಬರುತ್ತದೆ. ಕತ್ತರಿಸುವಾಗ ಹೋಗುವ ತುಂಡುಗಳಿಗಾಗಿ ನೂರಕ್ಕೆ ಏಳೆಂಟರಷ್ಟು ಹೆಚ್ಚು ಬೇಕಾದ್ದರಿಂದ ಒಂಬತ್ತು ಪೆಟ್ಟಿಗೆ ತಂದೆವು. ಉಳಿದ ಹಲಗೆಗಳನ್ನು ಅಟ್ಟದ ಮೇಲಿಟ್ಟಿದ್ದೇವೆ. ಮುಂದೆ ಒಂದು ಹಲಗೆ ಕೆಟ್ಟರೆ ಅದೇ ಬಣ್ಣ ಅಂಗಡಿಯಲ್ಲಿ ಸಿಗುತ್ತದೆಂಬ ಭರವಸೆಯಿಲ್ಲ. ಕೊಳ್ಳುವ ಮುನ್ನ ಅಂಗಡಿಯಿಂದ ಒಂದು ತುಂಡು ಕೇಳಿ ತಂದು, ದಪ್ಪವನ್ನು ಅಳೆದು, ಒಂದು ದಿನ ನೀರಿನಲ್ಲಿ ಮುಳುಗಿಸಿಟ್ಟು ಮತ್ತೆ ಅಳೆದು ನೋಡಿದೆವು. ಮೊದಲ ಸಲದ ಹಲಗೆಯ ತುಂಡು ಅಂಚಿನಲ್ಲಿ ಬಿಸ್ಕತ್ತಿನಂತೆ ಊದಿ ಪದರ ಬಿಟ್ಟಿತು, ಹೊಸದು ಸ್ವಲ್ಪವೇ ಊದಿತು. ಎರಡೂ ಮರದ ನಾರೇ, ಆದರೆ ಒತ್ತಿದ ಬಿಗಿಯಲ್ಲಿ ವ್ಯತ್ಯಾಸವಿತ್ತು.

ಇನ್ನೊಂದು ಗೊಂದಲವನ್ನೂ ಇಲ್ಲಿ ಹೇಳಬೇಕು. ಎಸ್‌ಪಿಸಿ ಎಂಬ ಬೇರೊಂದು ಹಾಸು ನೋಡಲು ಇದರಂತೆಯೇ ಇದೆ, ಕ್ಲಿಕ್ ಕೂಡ ಹಾಗೆಯೇ. ಅದರ ತಿರುಳು ಸುಣ್ಣಕಲ್ಲಿನ ಪುಡಿ ಮತ್ತು ಪಿವಿಸಿ; ಅದು ನೀರಿಗೆ ಊದುವುದಿಲ್ಲ, ಗೆದ್ದಲಿಗೂ ಆಹಾರವಲ್ಲ. ವಾಟರ್‌ಪ್ರೂಫ್ ಎಂಬ ಮಾತು ಸಲ್ಲುವುದು ಅದಕ್ಕೆ. ಎರಡನ್ನೂ ಒಂದೇ ಕಪಾಟಿನಲ್ಲಿಟ್ಟು, ವುಡನ್ ಫ್ಲೋರಿಂಗ್ ಎಂಬ ಒಂದೇ ಹೆಸರಿನಲ್ಲಿ ತೋರಿಸಿದರೆ ಒಂದರ ಗುಣವನ್ನು ಕೇಳಿ ಇನ್ನೊಂದನ್ನು ಕೊಳ್ಳುವಂತಾಗುತ್ತದೆ. ನಮ್ಮ ವಿಷಯದಲ್ಲಿ ಆದದ್ದು ಇದೇ ಎಂದು ನನಗೆ ಅನ್ನಿಸುತ್ತದೆ.

ಆಗ ನಾವು ದೂರು ಕೊಡಲಿಲ್ಲವೇಕೆ ಎಂದು ಕೆಲವರು ಕೇಳಿದರು. ನಮ್ಮ ಕೈಯಲ್ಲಿದ್ದ ರಸೀದಿಯಲ್ಲಿ ‘ವುಡನ್ ಫ್ಲೋರಿಂಗ್, ಒಂದು ಕೋಣೆ’ ಎಂಬ ಒಂದು ಸಾಲು, ಅದರ ಮುಂದೆ ಒಟ್ಟು ಮೊತ್ತ ಬಿಟ್ಟರೆ ಬೇರೇನೂ ಇರಲಿಲ್ಲ. ಕಂಪನಿಯ ಹೆಸರಿಲ್ಲ, ದಪ್ಪವಿಲ್ಲ, ದರ್ಜೆಯಿಲ್ಲ, ಪಾಲಿಥೀನ್ ಹಾಕುತ್ತೇವೆ ಎಂದೂ ಇಲ್ಲ, ಹಾಕುವುದಿಲ್ಲ ಎಂದೂ ಇಲ್ಲ. ಬಾಯಿಮಾತಿನ ವಾಟರ್‌ಪ್ರೂಫಿಗೆ ಸಾಕ್ಷಿಯಿರಲಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯ್ದೆಯ ಪ್ರಕಾರ ಸರಕಿನ ದೋಷಕ್ಕೂ, ಸೇವೆಯ ಕೊರತೆಗೂ, ದಾರಿತಪ್ಪಿಸುವ ಜಾಹೀರಾತಿಗೂ ಪರಿಹಾರ ಕೇಳಬಹುದು. ಮೈಸೂರಿನಲ್ಲೂ ಮಂಡ್ಯದಲ್ಲೂ ಜಿಲ್ಲಾ ಗ್ರಾಹಕ ಆಯೋಗಗಳಿವೆ. ಎರಡು ವರ್ಷದೊಳಗೆ ದೂರು ಕೊಡಬೇಕು. ಕೊಟ್ಟ ಹಣ 5 ಲಕ್ಷ ರೂಪಾಯಿ ಮೀರದಿದ್ದರೆ ಶುಲ್ಕವಿಲ್ಲ. 1915 ಸಂಖ್ಯೆಯ ರಾಷ್ಟ್ರೀಯ ಸಹಾಯವಾಣಿಯೂ ಇದೆ. ಇಷ್ಟೆಲ್ಲ ಇದ್ದರೂ ಕೈಯಲ್ಲಿ ವಿವರವಿರುವ ರಸೀದಿ ಇಲ್ಲದಿದ್ದರೆ ಗ್ರಾಹಕನ ಪಕ್ಷ ಬಹಳ ದುರ್ಬಲವಾಗುತ್ತದೆ.

ಆದ್ದರಿಂದ ಎರಡೂ ಜಿಲ್ಲೆಗಳ ನೆಲಹಾಸು ಮಾರಾಟಗಾರರಲ್ಲಿ ನನ್ನ ಕೋರಿಕೆ ಇದು. ಹಲಗೆಯ ತಯಾರಕರು, ತಿರುಳು ಎಚ್‌ಡಿಎಫ್ ಅಥವಾ ಎಸ್‌ಪಿಸಿ, ದಪ್ಪ, ಎ.ಸಿ. ದರ್ಜೆ, ಇ-1 ಗುರುತು, ಪಾಲಿಥೀನ್ ಮತ್ತು ಫೋಮಿನ ವಿವರ, ಪೆಟ್ಟಿಗೆಗಳ ಸಂಖ್ಯೆ, ಇವಿಷ್ಟನ್ನು ರಸೀದಿಯಲ್ಲಿ ಬರೆಯಿರಿ. ವಾರಂಟಿ ಪತ್ರವನ್ನು ಮುಂಗಡ ತೆಗೆದುಕೊಳ್ಳುವ ಮೊದಲೇ ಕೊಡಿ, ಅದರಲ್ಲಿ ನೀರಿನ ಕುರಿತು ಏನಿದೆ ಎಂಬುದನ್ನು ಕನ್ನಡದಲ್ಲಿ ಓದಿ ಹೇಳಿ. ನೆಲ ಅಂತಸ್ತಿನ ಕೋಣೆಯಾದರೆ ಎರಡು ದಿನದ ಪಾಲಿಥೀನ್ ಪರೀಕ್ಷೆ ಮಾಡದೆ ಹಾಸು ಒಪ್ಪಿಕೊಳ್ಳಬೇಡಿ. ಹನಿ ಕಟ್ಟಿದರೆ ಈ ಮನೆಗೆ ಇದು ಬೇಡ ಎಂದು ನೇರವಾಗಿ ಹೇಳಿ. ಬರುವ ದಸರೆಗೆ ಮುನ್ನ ಎರಡೂ ಊರುಗಳ ಮಾರಾಟಗಾರರು ಈ ಕ್ರಮವನ್ನು ಆರಂಭಿಸಲಿ, ಜಿಲ್ಲಾಡಳಿತವೂ ವಾಟರ್‌ಪ್ರೂಫ್ ಎಂಬ ಫಲಕಗಳ ಕಡೆ ಗಮನ ಹರಿಸಲಿ ಎಂದು ತಮ್ಮ ಪತ್ರಿಕೆಯ ಮೂಲಕ ವಿನಂತಿಸುತ್ತೇನೆ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಪ್ರೌಢಶಾಲಾ ಶಿಕ್ಷಕಿ,
ಸರಸ್ವತಿಪುರಂ, ಮೈಸೂರು